ಚೆಂಡೆ ವಿಮಾನ ಹತ್ತುವ ಮೊದಲು

ಸಂಪಾದಕರ ಉತ್ತರ

ಶಿರಸಿ ಕಡೆಯ ಬಡಗುತಿಟ್ಟಿನ ಹವ್ಯಾಸಿ ಯಕ್ಷಗಾನ ತಂಡವೊಂದರ ಸಂಚಾಲಕರು ಕಳಿಸಿದ ಪತ್ರದ ಸಾರ ಇದು: “ಜರ್ಮನಿಯ ಒಂದು ಸಣ್ಣ ರಂಗಮಂದಿರದವರು ನಮ್ಮ 14 ಮಂದಿಯನ್ನು ಮುಂದಿನ ಜೂನ್‌ಗೆ ಕರೆದಿದ್ದಾರೆ. ಅಲ್ಲಿಯ ನಾಲ್ವರು ನರ್ತಕರು, ಇಬ್ಬರು ಚೆಲ್ಲೋ (ದೊಡ್ಡ ಪಿಟೀಲಿನಂಥ ವಾದ್ಯ) ವಾದಕರ ಜೊತೆ ಸೇರಿ ಒಂದು ಪ್ರಸಂಗ ಕಟ್ಟಬೇಕಂತೆ. ನಮ್ಮಲ್ಲೇ ಎರಡು ಪಕ್ಷವಾಗಿದೆ. ಹುಡುಗರು ‘ತಾಲೀಮು ಆನ್‌ಲೈನಿನಲ್ಲಿ ಮುಗಿಸಿ, ಹತ್ತು ದಿನ ಹೋಗಿ ಆಡಿ ಬರೋಣ’ ಅನ್ನುತ್ತಾರೆ. ಹಿರಿಯರು ‘ಅವರು ನಮ್ಮನ್ನು ಒಗ್ಗರಣೆಗೆ ಬಳಸಿ ಬಿಡುತ್ತಾರೆ, ಈ ವೀಸಾ, ಯುದ್ಧಗಳ ಕಾಲದಲ್ಲಿ ಇದಕ್ಕೆಲ್ಲ ಭವಿಷ್ಯವೇ ಇಲ್ಲ’ ಅನ್ನುತ್ತಾರೆ. ಯಾರ ಮಾತು ಕೇಳೋಣ? ಹೋಗುವುದಾದರೆ ಮೊದಲು ಏನು ಮಾಡಬೇಕು?”

ಹಿರಿಯರ ಅನುಮಾನ ಸರಿ, ತೀರ್ಮಾನ ತಪ್ಪು. ಹುಡುಗರ ಉತ್ಸಾಹ ಸರಿ, ದಾರಿ ತಪ್ಪು. ಹುಡುಗರಿಂದಲೇ ಶುರು ಮಾಡೋಣ, ಯಾಕೆಂದರೆ ಅವರ ವಾದ ಲೆಕ್ಕದಲ್ಲೇ ಬಿದ್ದುಹೋಗುತ್ತದೆ.

ಆಪ್ಟಿಕಲ್ ಫೈಬರಿನೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಅಂದರೆ ಸಾವಿರ ಕಿಲೋಮೀಟರಿಗೆ 5 ಮಿಲಿಸೆಕೆಂಡ್. ಬೆಂಗಳೂರಿನಿಂದ ಜರ್ಮನಿಗೆ ಕಾಗೆ ಹಾರಿದ ಲೆಕ್ಕದಲ್ಲಿ ಏಳು ಸಾವಿರ ಚಿಲ್ಲರೆ ಕಿಲೋಮೀಟರ್, ಒಂದು ಕಡೆಗೆ 35 ಮಿಲಿಸೆಕೆಂಡಿಗೆ ಕಡಿಮೆಯಿಲ್ಲ. ಕೇಬಲ್ ಕಾಗೆಯ ಹಾಗೆ ಹೋಗುವುದಿಲ್ಲ. ಸಮುದ್ರದಡಿ ಸುತ್ತಿ ಬಳಸಿ ಹೋಗುತ್ತದೆ, ನಡುವೆ ರೌಟರುಗಳು, ಎರಡೂ ತುದಿಯಲ್ಲಿ ಸೌಂಡ್ ಕಾರ್ಡು. ಎಷ್ಟೇ ಒಳ್ಳೆಯ ಸಂಪರ್ಕವಿದ್ದರೂ ಅದು 80, 100 ಎಂದು ಬೆಳೆಯುತ್ತದೆ. ಸಾಮಾನ್ಯ ವೀಡಿಯೊ ಕರೆಯಲ್ಲಿ 150 ದಾಟುವುದು ಮಾಮೂಲು. ಜೊತೆಯಾಗಿ ನುಡಿಸುವವರು ಲಯ ಕೆಡದಂತೆ ತಾಳಿಕೊಳ್ಳುವ ವಿಳಂಬ 25ರಿಂದ 30 ಮಿಲಿಸೆಕೆಂಡ್ ಮಾತ್ರ.

ಇದನ್ನು ನಮ್ಮ ರಂಗಸ್ಥಳದ ಭಾಷೆಗೆ ತರೋಣ. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ 340 ಮೀಟರ್ ಸಾಗುತ್ತದೆ. 30 ಮಿಲಿಸೆಕೆಂಡ್ ಎಂದರೆ ಪದ್ಯ ಹಾಡಿ ಆಟ ನಡೆಸುವ ಭಾಗವತರಿಂದ ಹತ್ತು ಮೀಟರ್ ದೂರದಲ್ಲಿ ಚೆಂಡೆ ಇಟ್ಟ ಹಾಗೆ, ಕಷ್ಟಪಟ್ಟು ನಡೆಯುತ್ತದೆ. 100 ಎಂದರೆ 34 ಮೀಟರ್. ಬಯಲಾಟದಲ್ಲಿ ಭಾಗವತರು ರಂಗಸ್ಥಳದ ಮೇಲೆ, ಚೆಂಡೆಯವರು ಗದ್ದೆಯ ಆಚೆ ಬದುವಿನ ಮೇಲೆ! ಯುದ್ಧದ ಪದ್ಯ ತ್ವರಿತಕ್ಕೆ ಏರಿ ನಿಮಿಷಕ್ಕೆ 120 ಎಣಿಕೆಯಾಯಿತು, ಎಣಿಕೆಗೆ ನಾಲ್ಕು ಪೆಟ್ಟು ಎಂದಿಟ್ಟುಕೊಳ್ಳಿ. ಪೆಟ್ಟಿನಿಂದ ಪೆಟ್ಟಿಗೆ 125 ಮಿಲಿಸೆಕೆಂಡ್. 100 ಮಿಲಿಸೆಕೆಂಡ್ ತಡವೆಂದರೆ ಹೆಚ್ಚುಕಮ್ಮಿ ಒಂದು ಪೂರ್ತಿ ಪೆಟ್ಟು ಹಿಂದೆ. ಆಮೇಲೆ ಆಗುವುದು ಇಷ್ಟೇ: ಅವರು ಇವರಿಗಾಗಿ, ಇವರು ಅವರಿಗಾಗಿ ಕೂದಲೆಳೆಯಷ್ಟು ಕಾಯುತ್ತಾರೆ, ಲಯ ಇಳಿಯುತ್ತ ಇಳಿಯುತ್ತ ತ್ವರಿತ ಗತಿಯೇ ವಿಳಂಬ ಗತಿಯಾಗಿಬಿಡುತ್ತದೆ. ಜ್ಯಾಕ್‌ಟ್ರಿಪ್, ಲೋಲಾ ಮುಂತಾದ ತಂತ್ರಾಂಶಗಳು ಸಂಗೀತಗಾರರಿಗೆಂದೇ ಇವೆ. ಅವು ಯಂತ್ರದೊಳಗಿನ ವಿಳಂಬವನ್ನು ಕತ್ತರಿಸುತ್ತವೆ. ಭೂಮಿಯನ್ನು ಚಿಕ್ಕದು ಮಾಡುವುದಿಲ್ಲ.

ಹಾಗಾಗಿ ಆನ್‌ಲೈನನ್ನು ತಾಳ ಕೂಡಿಸಲು ಬಳಸಬೇಡಿ, ಮಾತಿಗೆ ಬಳಸಿ. ಪ್ರಸಂಗದ ಕಥೆ, ಪದ್ಯಗಳ ಅರ್ಥ, ಯಾವ ಪಾತ್ರಕ್ಕೆ ಎಷ್ಟು ಹೊತ್ತು, ಯಾರು ಎಲ್ಲಿಂದ ಪ್ರವೇಶ, ಇವೆಲ್ಲ ಪರದೆಯ ಮೇಲೆ ತೀರ್ಮಾನವಾಗಲಿ. ಸಂಗೀತಕ್ಕೆ ಮಾತ್ರ ಒಂದು ಕಡೆಯವರು ನುಡಿಸಿ ಕಳಿಸುವುದು, ಇನ್ನೊಂದು ಕಡೆಯವರು ಅದರ ಮೇಲೆ ನುಡಿಸಿ ಮರಳಿಸುವುದು. ಮೊದಲ ಕಂತು ಭಾಗವತರದ್ದೇ ಇರಲಿ. ಚೆಲ್ಲೋದವರು ಮೊದಲು ಕಳಿಸಿದರೆ ಭಾಗವತರು ಅವರ ಚೌಕಟ್ಟಿನೊಳಗೆ ಹಾಡಬೇಕಾಗುತ್ತದೆ, ಅಲ್ಲಿಗೆ ಒಗ್ಗರಣೆಯ ಮಾತು ಅರ್ಧ ನಿಜವಾದಂತೆ.

ಇದೇ ಲೆಕ್ಕ ಭವಿಷ್ಯದ ಬಗ್ಗೆಯೂ ಒಂದು ಮಾತು ಹೇಳುತ್ತದೆ. ಬೆಂಗಳೂರಿಗೆ ಕೊಲಂಬೊ ಸುಮಾರು 700 ಕಿಲೋಮೀಟರ್, ಫೈಬರಿನ ಲೆಕ್ಕದಲ್ಲಿ 4 ಮಿಲಿಸೆಕೆಂಡಿನೊಳಗೆ. ‘ಅಂತರರಾಷ್ಟ್ರೀಯ’ ಎಂದ ಕೂಡಲೇ ನಮ್ಮ ಕಣ್ಣು ಯುರೋಪ್, ಅಮೆರಿಕದ ಕಡೆಗೇ ಏಕೆ ಹೋಗುತ್ತದೋ! ಹೆಸರಘಟ್ಟದ ನೃತ್ಯಗ್ರಾಮವನ್ನು ನೋಡಿ. ಪ್ರೋತಿಮಾ ಬೇಡಿ 1990ರಲ್ಲಿ ಕಟ್ಟಿದ ಒಡಿಸ್ಸಿ ಗುರುಕುಲ ಅದು. ಸುರೂಪಾ ಸೇನ್ ಅವರ ನೇತೃತ್ವದಲ್ಲಿ ಅಲ್ಲಿಯ ತಂಡ, ಶ್ರೀಲಂಕಾದ ಚಿತ್ರಸೇನ ನೃತ್ಯ ತಂಡದ ಜೊತೆ 2012ರಲ್ಲಿ ‘ಸಂಹಾರ’ ಮಾಡಿತು. ಒಂದು ಕಡೆ ಒಡಿಸ್ಸಿಯ ತ್ರಿಭಂಗಿ, ಮರ್ದಳ. ಇನ್ನೊಂದು ಕಡೆ ಕ್ಯಾಂಡಿ ನೃತ್ಯದ ಅಗಲ ಮಂಡಿ, ಗೆಟ ಬೆರ ಎಂಬ ಮದ್ದಳೆ. ಎರಡನ್ನೂ ಕಲಸಿ ಮೂರನೆಯದೊಂದು ಮಾಡಲು ಅವರು ಹೋಗಲಿಲ್ಲ. ಅದದು ಅದದೇ ಆಗಿ ನಿಂತು ಪರಸ್ಪರ ಮಾತಾಡಿದವು. ಅವೇ ಎರಡು ತಂಡಗಳು 2019ರಲ್ಲಿ ‘ಆಹುತಿ’ಯೊಂದಿಗೆ ಮತ್ತೆ ಬಂದವು. ನಡುವೆ ಏಳು ವರ್ಷ. ಒಂದು ಜಂಟಿ ಪ್ರಯೋಗದ ಯೋಗ್ಯತೆ ತಿಳಿಯಬೇಕಾದರೆ ಅದೇ ಜೋಡಿ ಎರಡನೆಯದನ್ನು ಮಾಡಿತೇ ಎಂದು ನೋಡಬೇಕು ಎಂಬುದು ನಮ್ಮ ಅಭಿಪ್ರಾಯ. ಮೊದಲನೆಯದು ಬಹಳ ಸಲ ಅನುದಾನದ ಕೂಸು.

ಯುರೋಪಿನಲ್ಲಿ ಇನ್ನೊಂದು ಹೊಳೆ ಹರಿಯುತ್ತಿದೆ. ಫ್ರಾನ್ಸಿನ ನೃತ್ಯ ಸಂಯೋಜಕ ಜೆರೋಮ್ ಬೆಲ್ 2019ರಲ್ಲಿ ಕೆಲಸಕ್ಕಾಗಿ ವಿಮಾನ ಹತ್ತುವುದನ್ನೇ ಬಿಟ್ಟರು. ಅವರೂ ಬ್ರಿಟಿಷ್ ನಿರ್ದೇಶಕಿ ಕೇಟಿ ಮಿಚೆಲ್ ಅವರೂ ಸ್ವಿಟ್ಜರ್ಲೆಂಡಿನ ಲೂಸಾನ್ ನಗರದ ವಿಡಿ ರಂಗಮಂದಿರದ ಜೊತೆ ಒಂದು ಪ್ರಯೋಗ ಮಾಡಿದರು: ನಟರು, ರಂಗಸಜ್ಜಿಕೆ ಯಾವುದೂ ದೇಶ ದಾಟುವುದಿಲ್ಲ, ಪಠ್ಯ ಮತ್ತು ಸೂಚನೆಗಳು ಮಾತ್ರ ಹೋಗುತ್ತವೆ, ಆಯಾ ಊರಿನವರು ತಮ್ಮ ಜನರಿಂದ ಆಡಿಸುತ್ತಾರೆ. ಮೇಲ್ನೋಟಕ್ಕೆ ಚೆಂದ, ಆದರೆ ಕಾಗದದ ಮೇಲೆ ಹಿಡಿಸುವ ಕಲೆಗೆ ಮಾತ್ರ ಹೊಂದುತ್ತದೆ. ಗಿರೀಶ ಕಾರ್ನಾಡರ ‘ನಾಗಮಂಡಲ’ 1993ರಲ್ಲಿ ಮಿನಿಯಾಪೊಲಿಸ್‌ನ ಗುತ್ರಿ ರಂಗಮಂದಿರದಲ್ಲಿ ಅಲ್ಲಿಯ ನಟರಿಂದ ಆಡಲ್ಪಟ್ಟಿತು. ನಾಟಕ ಅಂಚೆಯಲ್ಲಿ ಹೋಗಬಲ್ಲದು. ಯಕ್ಷಗಾನದ ಪದ್ಯವೂ ಹೋಗಬಹುದು. ಪದ್ಯವನ್ನು ಎಲ್ಲಿ ಎತ್ತಬೇಕು, ಎಷ್ಟು ಸಲ ಮರುಕಳಿಸಬೇಕು, ವೇಷದ ಉಸಿರು ನೋಡಿ ಎಲ್ಲಿ ಬಿಡ್ತಿಗೆ (ಪದ್ಯದ ನಿಲುಗಡೆಯಲ್ಲಿ ಬರುವ ಚೆಂಡೆ-ಮದ್ದಳೆಯ ನುಡಿಸಾಣಿಕೆ) ಕೊಡಬೇಕು ಎಂಬ ಭಾಗವತರ ತೀರ್ಮಾನ ಹೋಗುವುದಿಲ್ಲ. ಅದು ಮನುಷ್ಯನಿಂದ ಮನುಷ್ಯನಿಗೆ, ಒಂದೇ ಚಾಪೆಯ ಮೇಲೆ ಕೂತು ದಾಟಬೇಕಾದದ್ದು. ಮಾರ್ಥಾ ಆಶ್ಟನ್ ಅಮೆರಿಕದಿಂದ ಉಡುಪಿಗೆ ಬಂದು ಹಿರಿಯಡಕ ಗೋಪಾಲ ರಾಯರ ಬಳಿ ಕಲಿತು, ಬಳಿಕ ಬ್ರೂಸ್ ಕ್ರಿಸ್ಟಿಯವರ ಜೊತೆ 1977ರಲ್ಲಿ ಯಕ್ಷಗಾನದ ಮೇಲೆ ಇಂಗ್ಲಿಷಿನಲ್ಲಿ ಪುಸ್ತಕ ತಂದರು. ಅಂಥ ಕೆಲಸ ಹತ್ತು ದಿನದ ಉತ್ಸವದಲ್ಲಿ ಹುಟ್ಟುವುದಿಲ್ಲ.

ಆದ್ದರಿಂದ ನೀವು ಜರ್ಮನಿಯವರಿಗೆ ಬರೆಯಬೇಕಾದ ಮೊದಲ ಉತ್ತರ ‘ಬರುತ್ತೇವೆ’ ಎಂದಲ್ಲ, ‘ಮೊದಲು ನೀವು ಬನ್ನಿ’ ಎಂದು. ಇಬ್ಬರು ನರ್ತಕರು, ಒಬ್ಬ ಚೆಲ್ಲೋ ವಾದಕ ನವೆಂಬರಿನಿಂದ ಮೇವರೆಗಿನ, ಯಕ್ಷಗಾನ ಮೇಳಗಳ ತಿರುಗಾಟದ ಕಾಲದಲ್ಲಿ ಬಂದು ನಾಲ್ಕರಿಂದ ಆರು ವಾರ ನಿಮ್ಮ ಊರಿನಲ್ಲಿರಲಿ. ಪ್ರಮಾಣಪತ್ರ ಕೊಡದ, ಆರು ತಿಂಗಳು ಮೀರದ ಸಂಗೀತ, ನೃತ್ಯ ಕಲಿಕೆಗೆ ಭಾರತದ ಪ್ರವಾಸಿ ವೀಸಾದಲ್ಲೇ ಅವಕಾಶವಿದೆ. ಸಂಭಾವನೆ ಪಡೆದು ರಂಗ ಹತ್ತಲು ಅದರಲ್ಲಿ ಅವಕಾಶವಿಲ್ಲ, ಅದನ್ನು ಮೊದಲೇ ಹೇಳಿಬಿಡಿ. ಬಳಿಕ ನಿಮ್ಮಲ್ಲಿ ಒಂಬತ್ತು ಮಂದಿ, ನಾಲ್ಕು ವಾರ, ಅಲ್ಲಿಗೆ. 14 ಮಂದಿ ಹತ್ತು ದಿನ ಹೋದರೂ ಊಟ ವಸತಿಯ ದಿನಗಳ ಲೆಕ್ಕ 140, ಒಂಬತ್ತು ಮಂದಿ 28 ದಿನ ಹೋದರೆ 252. ವಸತಿ ಖರ್ಚು ಏರುತ್ತದೆ, ಟಿಕೆಟ್ ಖರ್ಚು ಐದು ಮಂದಿಯದು ಉಳಿಯುತ್ತದೆ. ಯಾವ ಐದು ಮಂದಿ ಎಂಬ ಜಗಳ ನಿಮ್ಮದು, ಅದಕ್ಕೆ ನಾವು ಬರುವುದಿಲ್ಲ. ಮುಂದಿನ ಜೂನ್ ಇದಕ್ಕೆ ಸಾಲದು. 18 ತಿಂಗಳು ಕೇಳಿ.

ಇನ್ನು ದುಡ್ಡು. ನಿಮ್ಮದು ನೋಂದಾಯಿತ ಸಂಘವೆಂದು ಬರೆದಿದ್ದೀರಿ. ವಿದೇಶಿ ವಂತಿಗೆ ಕಾಯ್ದೆಯಡಿ ನೋಂದಣಿ ಇಲ್ಲದ ಸಂಘ ಹೊರಗಿನಿಂದ ‘ಅನುದಾನ’ ಪಡೆಯುವಂತಿಲ್ಲ. ನೋಂದಣಿ ಇದ್ದರೂ 2020ರ ತಿದ್ದುಪಡಿಯ ನಂತರ ಆ ಹಣ ಮೊದಲು ಭಾರತೀಯ ಸ್ಟೇಟ್ ಬ್ಯಾಂಕಿನ ದೆಹಲಿ ಮುಖ್ಯ ಶಾಖೆಯ ಖಾತೆಗೇ ಬರಬೇಕು, ಬಂದದ್ದನ್ನು ಇನ್ನೊಂದು ಸಂಘಕ್ಕೆ ಹಂಚುವಂತಿಲ್ಲ, ಆಡಳಿತ ಖರ್ಚು ಶೇ. 20 ಮೀರುವಂತಿಲ್ಲ. ಆದರೆ ಕೆಲಸಕ್ಕೆ ಪ್ರತಿಯಾಗಿ, ಒಪ್ಪಂದ ಮತ್ತು ಬಿಲ್ಲಿನ ಮೇಲೆ ವ್ಯವಹಾರದ ರೀತಿಯಲ್ಲಿ ಬಂದ ಸಂಭಾವನೆ ‘ವಂತಿಗೆ’ ಅಲ್ಲ. ಒಂದೇ ಮೊತ್ತ, ಕಾಗದದ ಮೇಲಿನ ಒಂದು ಪದದಿಂದ ಹಣೆಬರಹ ಬದಲಾಗುತ್ತದೆ. ಹಾಗಾಗಿ ಟಿಕೆಟ್, ವಸತಿ, ವಿಮೆಯನ್ನು ಅವರೇ ನೇರವಾಗಿ ಕಟ್ಟಲಿ, ಸಂಭಾವನೆ ಮಾತ್ರ ಒಪ್ಪಂದದಂತೆ ಬರಲಿ. ಒಪ್ಪಂದದ ಕರಡನ್ನು ಸಹಿಗೆ ಮೊದಲು ನಿಮ್ಮ ಲೆಕ್ಕಪರಿಶೋಧಕರಿಗೆ ತೋರಿಸಿ, ಹಣ ಬಂದ ಮೇಲೆ ಅಲ್ಲ.

ಹವ್ಯಾಸಿ ತಂಡಗಳು ಎಡವುವ ಇನ್ನೊಂದು ಜಾಗವೂ ಅದೇ ಕಾಯ್ದೆಯಲ್ಲಿದೆ. ನಿಮ್ಮಲ್ಲಿ ಸರ್ಕಾರಿ ಶಾಲೆಯ ಮೇಷ್ಟ್ರು, ಸರ್ಕಾರಿ ಬ್ಯಾಂಕಿನ ನೌಕರರು ಇರಲೇಬೇಕು. ಇಲ್ಲದ ಹವ್ಯಾಸಿ ತಂಡ ಉತ್ತರ ಕನ್ನಡದಲ್ಲಿ ಉಂಟೇ? ಸರ್ಕಾರಿ ನೌಕರರು, ಸರ್ಕಾರಿ ಸ್ವಾಮ್ಯದ ಸಂಸ್ಥೆಗಳ ನೌಕರರು ವಿದೇಶಿ ಆತಿಥ್ಯ, ಅಂದರೆ ಹೊರಗಿನವರು ಕೊಡುವ ಟಿಕೆಟ್, ಊಟ, ವಸತಿ ಸ್ವೀಕರಿಸಲು ಗೃಹ ಸಚಿವಾಲಯದ ಪೂರ್ವಾನುಮತಿ ಪಡೆಯಬೇಕು. ಅದು ಇಲಾಖೆಯ ನಿರಾಕ್ಷೇಪಣಾ ಪತ್ರಕ್ಕಿಂತ ಬೇರೆ. ಎರಡೂ ಬೇಕು.

ಜರ್ಮನಿಯ ತೆರಿಗೆ: ಹೊರಗಿನ ಕಲಾವಿದರ ಸಂಭಾವನೆಯಲ್ಲಿ ಶೇ. 15, ಅದರ ಮೇಲೆ ಸರ್ಚಾರ್ಜ್ ಸೇರಿ ಒಟ್ಟು ಶೇ. 15.825 ಮೂಲದಲ್ಲೇ ಕಡಿತ. ಒಬ್ಬ ಕಲಾವಿದರಿಗೆ ಒಂದು ಪ್ರದರ್ಶನಕ್ಕೆ 250 ಯೂರೋ ದಾಟದಿದ್ದರೆ ಕಡಿತವಿಲ್ಲ. ದಾಟುವುದಾದರೆ ‘ಕೈಗೆ ಬರುವ ಮೊತ್ತ ಇಷ್ಟು’ ಎಂದು ಬರೆಸಿ. ಆಗ ತೆರಿಗೆ ಅವರ ತಲೆಯ ಮೇಲೆ. ನಿಮಗೆ 1,000 ಯೂರೋ ಸಿಗಬೇಕಾದರೆ ಅವರಿಗೆ 1,188 ಬೀಳುತ್ತದೆ. ಕಡಿತವಾದರೆ ಪ್ರಮಾಣಪತ್ರ ಹಿಡಿದುಕೊಂಡೇ ಬನ್ನಿ. ಅದಿಲ್ಲದೆ ಇಲ್ಲಿಯ ತೆರಿಗೆಯಲ್ಲಿ ಅದರ ಹೊಂದಾಣಿಕೆ ಸಿಗುವುದಿಲ್ಲ, ಮನೆಗೆ ಬಂದ ಮೇಲೆ ಕೇಳಿದರೆ ಅಲ್ಲಿಯ ಲೆಕ್ಕ ವಿಭಾಗ ಬೇಸಿಗೆ ರಜೆಯಲ್ಲಿರುತ್ತದೆ.

ವೀಸಾದ ಬಗ್ಗೆ ಹೆದರಿಕೆ ಹೆಚ್ಚು, ತಯಾರಿ ಕಡಿಮೆ. ಷೆಂಗೆನ್ (ಜರ್ಮನಿಯೂ ಸೇರಿ ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ) ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದ ಹಾಕಬಹುದು, ಕೊನೆಯ ಗಡುವು 15 ದಿನ. ಗಡುವನ್ನು ನಂಬಬೇಡಿ, ಬೇಸಿಗೆಗೆ ಮುಂಚೆ ಬೆರಳಚ್ಚಿನ ಸಮಯವೇ ವಾರಗಟ್ಟಲೆ ಸಿಗುವುದಿಲ್ಲ. ಪಾಸ್‌ಪೋರ್ಟ್ ಹತ್ತು ವರ್ಷದೊಳಗಿನದಾಗಿರಬೇಕು, ವಾಪಸಾದ ಮೇಲೂ ಮೂರು ತಿಂಗಳು ಬಾಳಬೇಕು, ಎರಡು ಖಾಲಿ ಪುಟ ಬೇಕು, 30,000 ಯೂರೋ ವೈದ್ಯಕೀಯ ವಿಮೆ ಬೇಕು. ಯಾವ 180 ದಿನ ತೆಗೆದುಕೊಂಡರೂ ಅದರಲ್ಲಿ 90 ದಿನವೇ ಮಿತಿ. ಸಂಭಾವನೆ ಉಂಟೆಂದಾದರೆ ಪ್ರವಾಸ ಎಂದು ಬರೆಯಬೇಡಿ, ಉದ್ದೇಶ ಸಾಂಸ್ಕೃತಿಕವೆಂದೇ ಇರಲಿ. ಇದರಲ್ಲಿ ಭವಿಷ್ಯಕ್ಕೆ ಒಳ್ಳೆಯ ಸುದ್ದಿಯೂ ಇದೆ: 2024ರ ಏಪ್ರಿಲ್‌ನಿಂದ, ಮೂರು ವರ್ಷದೊಳಗೆ ಎರಡು ಷೆಂಗೆನ್ ವೀಸಾ ಪಡೆದು ಸರಿಯಾಗಿ ಬಳಸಿದ ಭಾರತೀಯರಿಗೆ ಎರಡು ವರ್ಷದ ಬಹುಪ್ರವೇಶ ವೀಸಾ ಸಿಗುತ್ತದೆ, ಅದು ಮುಗಿದ ಮೇಲೆ ಐದು ವರ್ಷದ್ದು. ಪದೇಪದೇ ಹೋಗಿಬರುವ ಜೋಡಿಗೆ ಹಾದಿ ಸಲೀಸಾಗುತ್ತಿದೆ.

ಎಲ್ಲಕ್ಕಿಂತ ಹೆಚ್ಚು ಅರ್ಜಿ ಸಿಕ್ಕಿಬೀಳುವುದು ಹೆಸರಿನಲ್ಲಿ. ಕರಪತ್ರದಲ್ಲಿ ಊರಿನ ಹೆಸರು ಸೇರಿಸಿ ಕರೆಯುತ್ತೇವೆ, ಆಧಾರಿನಲ್ಲಿ ಇನಿಷಿಯಲ್ ಹಿಂದೆ, ಬ್ಯಾಂಕಿನಲ್ಲಿ ಮುಂದೆ, ಪಾಸ್‌ಪೋರ್ಟಿನಲ್ಲಿ ಉಪನಾಮದ ಸಾಲೇ ಖಾಲಿ. ಆಮಂತ್ರಣ ಪತ್ರ ಕರಪತ್ರದ ಹೆಸರಿಗೆ ಬಂದಿತೆಂದರೆ ಕೌಂಟರಿನಲ್ಲಿ ಅದು ಬೇರೊಬ್ಬ ವ್ಯಕ್ತಿ. ಒಂಬತ್ತು ಪಾಸ್‌ಪೋರ್ಟಿನ ಫೋಟೋ ಪುಟ ಕಳಿಸಿ, ಅದರಲ್ಲಿರುವ ಅಕ್ಷರಗಳಂತೆಯೇ ಆಮಂತ್ರಣ ಬರೆಸಿ, ಟಿಕೆಟ್ ತೆಗೆಸಿ.

ಸಾಮಾನು ಕಟ್ಟುವ ವಿಷಯ. ವಿಮಾನದ ಒಂದು ಪೆಟ್ಟಿಗೆ ಸಾಮಾನ್ಯವಾಗಿ 23 ಕೆ.ಜಿ., ಉದ್ದ, ಅಗಲ, ಎತ್ತರ ಕೂಡಿ 158 ಸೆಂ.ಮೀ. ಕಿರೀಟ, ಭುಜಕೀರ್ತಿಗಳಿಗೆ 58×50×50 ಅಳತೆಯ ಪ್ಲೈವುಡ್ ಪೆಟ್ಟಿಗೆ ಮಾಡಿಸಿದರೆ ಲೆಕ್ಕ ಸರಿಹೋಗುತ್ತದೆ. ಬರಿ ಪೆಟ್ಟಿಗೆಯೇ ಏಳು ಕೆ.ಜಿ. ಮೀರದ ಹಾಗೆ ಬಡಗಿಗೆ ಹೇಳಿ. ಹಲಗೆಯ ಪೆಟ್ಟಿಗೆ ಬೇಡ. ಅಂತರರಾಷ್ಟ್ರೀಯ ನಿಯಮದಂತೆ ಸಂಸ್ಕರಿಸದ ಮರದ ಕಟ್ಟುಪೆಟ್ಟಿಗೆಯ ತಿರುಳು 56 ಡಿಗ್ರಿಯಲ್ಲಿ 30 ನಿಮಿಷ ಬೆಂದು ಮುದ್ರೆ ಬಿದ್ದಿರಬೇಕು. ಪ್ಲೈವುಡ್ಡಿಗೆ ಆ ತಂಟೆಯಿಲ್ಲ.

ಕೃಷ್ಣನ ವೇಷದ ನವಿಲುಗರಿ ಬಿಚ್ಚಿಡಿ. ತಾನಾಗಿ ಉದುರಿದ್ದಾದರೂ ನವಿಲುಗರಿಯ ರಫ್ತು ನಿಷಿದ್ಧ. ಬಣ್ಣ ಹಾಕಿದ ಬಟ್ಟೆಯದು ಸಾಕು, ಬೆಳಕಿನಲ್ಲಿ ಯಾರಿಗೂ ತಿಳಿಯುವುದಿಲ್ಲ. ಹಳೆಯ ಬಣ್ಣದ ಪೆಟ್ಟಿಗೆಯಲ್ಲಿ ಅರದಾಳ, ಇಂಗಳೀಕದ ಉಂಡೆ ಉಳಿದಿದ್ದರೆ ಊರಲ್ಲೇ ಬಿಡಿ. ಒಂದು ಆರ್ಸೆನಿಕ್, ಇನ್ನೊಂದು ಪಾದರಸ. ಯುರೋಪಿನಲ್ಲಿ ಮುಖಕ್ಕೆ ಹಚ್ಚುವ ಪದಾರ್ಥದಲ್ಲಿ ಎರಡಕ್ಕೂ ನಿಷೇಧ. ವಾದ್ಯದ ಮರ ಹಲಸೋ ಕಕ್ಕೆಯೋ ಆದರೆ ಪ್ರಶ್ನೆಯೇ ಇಲ್ಲ. ಬೀಟೆಯದ್ದಾದರೆ 2017ರಿಂದ ಕಾಗದದ ಕಾಟವಿತ್ತು. ಸಿದ್ಧ ವಾದ್ಯಗಳಿಗೆ 2019ರ ನವೆಂಬರ್ 26ರಿಂದ ವಿನಾಯಿತಿ ಬಂದಿದೆ.

ಬೆಲೆಬಾಳುವ ಸಾಮಾನು ಹೆಚ್ಚಿದ್ದರೆ ಎಟಿಎ ಕಾರ್ನೆ ಮಾಡಿಸುವುದು ಒಳ್ಳೆಯದು. ವಾಪಸ್ ತರುವ ಸಾಮಾನಿಗೆ ಸುಂಕ ಕಟ್ಟದೆ ಹೋಗಿಬರುವ ದಾಖಲೆ ಅದು, ಹೆಚ್ಚೆಂದರೆ ಒಂದು ವರ್ಷದ ಬಾಳಿಕೆ. ನಮ್ಮಲ್ಲಿ ಕೊಡುವವರು ಫಿಕ್ಕಿ ಎಂಬ ವಾಣಿಜ್ಯೋದ್ಯಮಗಳ ಒಕ್ಕೂಟ. ಪ್ರತಿ ಗೆಜ್ಜೆ, ಪ್ರತಿ ದಾಬು, ತೂಕ ಮತ್ತು ಬೆಲೆ ಸಮೇತ ಪಟ್ಟಿಯಾಗಬೇಕು. ಸಫೇದ, ಸ್ಪಿರಿಟ್ ಗಮ್‌ನಂಥ ಮುಗಿದುಹೋಗುವ ಸಾಮಗ್ರಿ ಅದರಲ್ಲಿ ಸೇರುವುದಿಲ್ಲ. ಮುದ್ರೆ ನಾಲ್ಕು: ಇಲ್ಲಿಂದ ಹೊರಟಾಗ, ಅಲ್ಲಿ ಇಳಿದಾಗ, ಅಲ್ಲಿಂದ ಹೊರಟಾಗ, ಇಲ್ಲಿಗೆ ಬಂದಾಗ. ತಪ್ಪುವುದು ಯಾವಾಗಲೂ ಮೂರನೆಯದು. ಬೆಳಗಿನ ಜಾವದ ವಿಮಾನ, ಆಯಾಸ, ಪೆಟ್ಟಿಗೆಗಳನ್ನು ಏರ್‌ಲೈನಿನವರಿಗೆ ಕೊಟ್ಟ ಮೇಲೆ ಸುಂಕದವರ ನೆನಪಾಗುತ್ತದೆ. ಅಷ್ಟರಲ್ಲಿ ತೋರಿಸಲು ಸಾಮಾನೇ ಕೈಯಲ್ಲಿಲ್ಲ. ಆ ಮುದ್ರೆ ಇಲ್ಲದಿದ್ದರೆ ಅವರ ಲೆಕ್ಕದಲ್ಲಿ ನೀವು ಕಿರೀಟವನ್ನು ಅಲ್ಲೇ ಮಾರಿ ಬಂದಿದ್ದೀರಿ.

ಜೂನ್ ಎಂದರೆ ನಿಮ್ಮಲ್ಲಿ ಮಳೆ. ಮಲೆನಾಡಿನ ಥಂಡಿ ಹೀರಿದ ಮದ್ದಳೆ ಯುರೋಪಿನ ಒಣ ಹವೆಗೆ, ಹವಾನಿಯಂತ್ರಿತ ಸಭಾಂಗಣಕ್ಕೆ ಇಳಿದ ಕೂಡಲೇ ಚರ್ಮ ಬಿಗಿದು ಶ್ರುತಿ ಏರುತ್ತದೆ, ಚರ್ಮದ ಮೇಲಿನ ಕಪ್ಪು ಲೇಪ, ಅಂದರೆ ಕರಣೆ, ಬಿರುಕು ಬಿಡುತ್ತದೆ. ಹೊರಡುವಾಗ ಬಿಗಿ ಸಡಿಲಿಸಿ, ಎರಡು ದಿನ ಮುಂಚೆ ತಲುಪಿ, ವಾದ್ಯವನ್ನು ಹೋಟೆಲಿನಲ್ಲಲ್ಲ, ಆಡುವ ಸಭಾಂಗಣದಲ್ಲೇ ಇಡಿ. ಬದಲಿ ಮುಚ್ಚಿಗೆ (ಚರ್ಮದ ಹೊದಿಕೆ) ಎರಡಾದರೂ ಜೊತೆಗಿರಲಿ. ಶ್ರುತಿಯ ಇನ್ನೊಂದು ಸೂಕ್ಷ್ಮ: ಜರ್ಮನಿಯ ವಾದ್ಯವೃಂದಗಳಲ್ಲಿ ‘ಎ’ ಸ್ವರವನ್ನು 443 ಹರ್ಟ್ಸ್‌ಗೆ ಹಿಡಿಯುವುದುಂಟು, ನಿಮ್ಮ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ 440ರಲ್ಲಿರುತ್ತದೆ. ಅಂತರ ಸುಮಾರು 12 ಸೆಂಟ್ (ಒಂದು ಅರೆಸ್ವರಕ್ಕೆ 100 ಸೆಂಟ್). ಕೇಳಲು ಅಪಸ್ವರವಲ್ಲ, ಆದರೆ ಏನೋ ಕಸಿವಿಸಿ. ಮೊದಲ ದಿನವೇ ಕೇಳಿ ಸರಿಮಾಡಿಕೊಳ್ಳಿ.

ಅಲ್ಲಿಯ ರಂಗಮಂದಿರ ಬೇರೆಯದೇ ಲೋಕ. ಪರದೆ, ತೆರೆಗಳ ಬಟ್ಟೆ ಸುಲಭವಾಗಿ ಬೆಂಕಿ ಹಿಡಿಯದ ‘ಬಿ1’ ದರ್ಜೆಯದೆಂದು ಕಾಗದ ಕೇಳುತ್ತಾರೆ. ನಿಮ್ಮ ತೆರೆ ಒಯ್ಯುವ ಬದಲು ಅವರದ್ದನ್ನೇ ಬಳಸಿ. ರಾಕ್ಷಸನ ಪ್ರವೇಶಕ್ಕೆ ರಾಳದ ಬೆಂಕಿ ಎಂದು ಕನಸು ಕಾಣಬೇಡಿ. ಒಂದು ದಿನದ ಕೆಲಸಕ್ಕೂ ಮರುದಿನದ ಕೆಲಸಕ್ಕೂ ನಡುವೆ 11 ತಾಸಿನ ಬಿಡುವು ಅಲ್ಲಿಯ ಸಿಬ್ಬಂದಿಗೆ ಕಾನೂನಿನ ಹಕ್ಕು, ರಾತ್ರಿ ಹನ್ನೆರಡಕ್ಕೆ ತಾಲೀಮು ಮುಗಿದರೆ ಬೆಳಿಗ್ಗೆ ಹನ್ನೊಂದರ ಮೊದಲು ದೀಪ ಹಚ್ಚುವವರಿರುವುದಿಲ್ಲ. ಶಬ್ದಕ್ಕೂ ನಿಯಮವಿದೆ: ದಿನದ ಸರಾಸರಿ 85 ಡೆಸಿಬೆಲ್ ಮುಟ್ಟಿದರೆ ಕಿವಿರಕ್ಷಣೆ ಕಡ್ಡಾಯ. ಚೆಂಡೆಯ ಮಗ್ಗುಲಲ್ಲಿ ಚೆಲ್ಲೋದವರನ್ನು ಕೂರಿಸಿದರೆ ಅವರು ಎದ್ದು ಹೋಗುತ್ತಾರೆ, ತಪ್ಪು ಅವರದ್ದಲ್ಲ. ಚೆಂಡೆ ಹಿಂದೆ ಎಡಕ್ಕೆ, ಚೆಲ್ಲೋ ಮುಂದೆ ಬಲಕ್ಕೆ, ನಡುವೆ ಒಂದು ಪಾರದರ್ಶಕ ಹಲಗೆ.

ನಿಜವಾದ ಘರ್ಷಣೆ ಬರುವುದು ದೀಪದ ಸೂಚನೆಯಲ್ಲಿ. ಅವರ ರಂಗವ್ಯವಸ್ಥಾಪಕರು ‘12ನೆಯ ನಿಮಿಷ 40ನೆಯ ಸೆಕೆಂಡಿಗೆ ನೀಲಿ’ ಎಂದು ಬರೆದುಕೊಳ್ಳುತ್ತಾರೆ. ನಮ್ಮ ಭಾಗವತರಿಗೆ ನಿನ್ನೆಯ 12ನೆಯ ನಿಮಿಷ ಇವತ್ತು 15ನೆಯದು. ಇದನ್ನು ‘ಶಿಸ್ತಿಲ್ಲ’, ‘ಕಲೆ ಗೊತ್ತಿಲ್ಲ’ ಎಂಬ ಜಗಳಕ್ಕೆ ಬಿಡಬೇಡಿ. ಸೂಚನೆಯನ್ನು ಗಡಿಯಾರಕ್ಕಲ್ಲ, ಪದ್ಯದ ಮೊದಲ ಪದಕ್ಕೆ ಮತ್ತು ಬಿಡ್ತಿಗೆಗೆ ಕಟ್ಟಿ. ಪದ್ಯದ ಮೊದಲೆರಡು ಪದಗಳನ್ನು ರೋಮನ್ ಲಿಪಿಯಲ್ಲಿ ಬರೆದುಕೊಡಿ, ಬಿಡ್ತಿಗೆಯ ಧ್ವನಿಮುದ್ರಣ ಕೊಡಿ, ದೀಪದವರಿಗೆ ಭಾಗವತರ ಜಾಗಟೆ ಕಾಣುವ ಹಾಗೆ ಒಂದು ಕ್ಯಾಮೆರಾ ಇಡಿಸಿ. ಮೂರು ತಾಲೀಮಿನಲ್ಲಿ ಕಲಿತುಬಿಡುತ್ತಾರೆ.

ಕೊನೆಗೆ ಹಿರಿಯರ ಒಗ್ಗರಣೆಯ ಮಾತು. ಅದಕ್ಕೆ ಮದ್ದು ಒಪ್ಪಂದದಲ್ಲಿದೆ. ನಮ್ಮ ಕೃತಿಸ್ವಾಮ್ಯ ಕಾಯ್ದೆ ಹಾಡಿದವರಿಗೆ, ನುಡಿಸಿದವರಿಗೆ, ಕುಣಿದವರಿಗೆ ತಮ್ಮ ಪ್ರದರ್ಶನದ ಮೇಲೆ 50 ವರ್ಷದ ಹಕ್ಕು ಕೊಟ್ಟಿದೆ. ಆದರೆ ‘ಎಲ್ಲ ಹಕ್ಕುಗಳೂ ನಿರ್ಮಾಪಕರಿಗೆ’ ಎಂಬ ಒಂದು ಸಾಲಿಗೆ ಸಹಿ ಹಾಕಿದರೆ ಅದು ಕೈಜಾರಿದಂತೆಯೇ. ಪೂರ್ತಿ ವೀಡಿಯೊ ದಾಖಲೆಗೆ ಮಾತ್ರ, ಪ್ರಚಾರಕ್ಕೆ ಮೂರು ನಿಮಿಷ ಮೀರದ ತುಣುಕು, ಅಂತರ್ಜಾಲ ಪ್ರಸಾರವಾದರೆ ಪ್ರತ್ಯೇಕ ಹಣ, ಭಾಗವತರ ಕಂಠವನ್ನು ಕತ್ತರಿಸಿ ಬೇರೆ ಕೃತಿಗೆ ಅಂಟಿಸುವುದಾದರೆ ಲಿಖಿತ ಒಪ್ಪಿಗೆ, ಯಂತ್ರಗಳಿಗೆ ಹಾಡು ಕಲಿಸಲು ಬಳಸುವುದಕ್ಕೂ ಅದೇ ಷರತ್ತು. ಪೋಸ್ಟರಿನಲ್ಲಿ ನಿಮ್ಮ ಭಾಗವತರ ಹೆಸರು ಅವರ ನಿರ್ದೇಶಕರ ಹೆಸರಿನ ಪಕ್ಕದಲ್ಲಿ, ಅದೇ ಅಳತೆಯ ಅಕ್ಷರದಲ್ಲಿ ಇರಬೇಕೆಂದೂ ಬರೆಸಿ. ಇದನ್ನು ಕೇಳಿದಾಗ ಆ ಕಡೆಯವರು ತಕರಾರು ಎತ್ತದೆ ಒಪ್ಪಿದರೆ ನಿಮ್ಮ ಹಿರಿಯರಿಗೆ ಆ ಮೇಲ್ ತೋರಿಸಿ. ಒಪ್ಪದಿದ್ದರೆ ಟಿಕೆಟಿನ ದುಡ್ಡು ಉಳಿಯಿತು. ಕೊಲಂಬೊಗೆ ಬೆಂಗಳೂರಿನಿಂದ ಒಂದೂವರೆ ತಾಸು.

— ಸಂ.